ಒಗ್ಗರಣೆ ಡಬ್ಬಿಯಲ್ಲಿ ಆಸ್ಟ್ರೇಲಿಯಾ: ಮಕ್ಕಳಿಗೆ ಫೆಡರೇಶನ್ ಹೇಳಿಕೊಡುವುದು ಹೇಗೆ

ಮೆಲ್ಬರ್ನ್‌ನಲ್ಲಿ ಮಗು ಇಯರ್ ಸಿಕ್ಸ್‌ಗೆ ಬಂತೆಂದರೆ ಫೆಡರೇಶನ್ ಪ್ರಾಜೆಕ್ಟು ಮನೆಗೆ ಬಂತು ಅಂತಲೇ ಲೆಕ್ಕ. ದಾವಣಗೆರೆಯಲ್ಲಿ ಓದಿದ ನನಗೆ ಅದರ ತಲೆಬುಡ ಗೊತ್ತಿರಲಿಲ್ಲ. 'ಬ್ರಿಟಿಷರು ಬಿಟ್ಟುಹೋದ ವರ್ಷ 1901' ಅಂತ ಮಗಳ ಕೈಲಿ ಬರೆಸಿಬಿಟ್ಟೆ. ಕೆಂಪು ಗೆರೆ ಬಿದ್ದು ವಾಪಸ್ ಬಂತು. ನೀವು ಆ ತಪ್ಪು ಮಾಡಬೇಡಿ. ಇದು ನಮ್ಮ 1947 ಅಲ್ಲ. ಬೇರೆ ಬೇರೆಯಾಗಿದ್ದ ಆರು ಬ್ರಿಟಿಷ್ ವಸಾಹತುಗಳು ಸೇರಿ ಒಂದು ದೇಶವಾಗಿದ್ದೇ ಫೆಡರೇಶನ್, ಅದೂ ಬ್ರಿಟಿಷ್ ಪಾರ್ಲಿಮೆಂಟಿನದೇ ಕಾಯಿದೆಯಿಂದ. 1900ರ ಜುಲೈ 9ರಂದು ವಿಕ್ಟೋರಿಯಾ ರಾಣಿ ಒಪ್ಪಿಗೆ ಕೊಟ್ಟರು, 1901ರ ಜನವರಿ 1ಕ್ಕೆ ಜಾರಿಗೆ ಬಂತು.

ಇಸವಿಗಳಿಂದ ಶುರು ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಒಗ್ಗರಣೆ ಡಬ್ಬಿ ತೆಗೆಯಿರಿ, ಏಳು ಬಟ್ಟಲಿನ ಸ್ಟೀಲಿನದು. ಒಂದೊಂದು ಬಟ್ಟಲು ಒಂದೊಂದು ವಸಾಹತು. ಉದ್ದಿನಬೇಳೆ ನ್ಯೂ ಸೌತ್ ವೇಲ್ಸ್. ಕಡಲೆಬೇಳೆ ವಿಕ್ಟೋರಿಯಾ. ಜೀರಿಗೆ ಕ್ವೀನ್ಸ್‌ಲ್ಯಾಂಡ್, ಮೆಂತ್ಯ ಸೌತ್ ಆಸ್ಟ್ರೇಲಿಯಾ, ಪುಟ್ಟ ಸಾಸಿವೆ ಟಾಸ್ಮೇನಿಯಾ. ಅರಿಶಿನ ವೆಸ್ಟರ್ನ್ ಆಸ್ಟ್ರೇಲಿಯಾ, ಯಾಕೆಂದರೆ ಅಲ್ಲಿ ಚಿನ್ನ ಸಿಕ್ಕಿತ್ತು. ಒಣಮೆಣಸಿನಕಾಯಿ ನ್ಯೂಜಿಲೆಂಡ್. ಅದನ್ನು ಸುಮ್ಮನೆ ಪಕ್ಕಕ್ಕೆ ಎತ್ತಿಡಿ. 1891ರ ಸಿಡ್ನಿ ಸಭೆಗೆ ಬಂದಿತ್ತು, ಕೊನೆಗೆ ಸೇರಲಿಲ್ಲ.

ಈಗ ಆಟ. ಒಂದು ಚಮಚ ಉದ್ದಿನಬೇಳೆ ಕಡಲೆಬೇಳೆ ಬಟ್ಟಲಿಗೆ ಹೋಗಬೇಕಾ? ಐದು ಕಾಳು ಸುಂಕ ಕಟ್ಟಬೇಕು. ಮಗುವೇ ಎಣಿಸಿ ಕೊಡಲಿ. ನಾಲ್ಕನೇ ಚಮಚದ ಹೊತ್ತಿಗೆ ನನ್ನ ಮಗಳು 'ಅಮ್ಮಾ, ಇದು ಸ್ಟುಪಿಡ್' ಅಂದಳು. ಈ ಎರಡು ವಸಾಹತುಗಳ ಗಡಿಯಾದ ಮರ್ರೆ ನದಿಯ ದಡದಲ್ಲಿದ್ದ ರೈತರೂ ವ್ಯಾಪಾರಿಗಳೂ ಅಂದುಕೊಂಡಿದ್ದು ಅದನ್ನೇ. ತನ್ನ ಕೈಗಾರಿಕೆ ಉಳಿಯಲಿ ಅಂತ ವಿಕ್ಟೋರಿಯಾ ಸುಂಕ ಹೇರುತ್ತಿತ್ತು, ನ್ಯೂ ಸೌತ್ ವೇಲ್ಸಿನ ಸಿಡ್ನಿಯವರಿಗೆ ಮುಕ್ತ ವ್ಯಾಪಾರ ಬೇಕಿತ್ತು. ನದಿ ದಾಟಿದರೆ ಕಸ್ಟಮ್ಸ್.

ನಾನು ಕರ್ನಾಟಕ ಏಕೀಕರಣದ ಹೋಲಿಕೆಯನ್ನೂ ಕೊಟ್ಟು ನೋಡಿದೆ. ಹೊಂದಲಿಲ್ಲ. ನಮ್ಮಲ್ಲಿ ಭಾಷೆ ಒಂದೇ ಅನ್ನುವುದೇ ಸೇರುವುದಕ್ಕೆ ಕಾರಣ. ಇಲ್ಲಿನ ವಸಾಹತುಗಳ ಆಡಳಿತ ಭಾಷೆ ಮೊದಲಿಂದಲೂ ಒಂದೇ, ಜಗಳವೆಲ್ಲ ದುಡ್ಡಿನದು, ರೈಲಿನದು.

ರೈಲಿನ ವಿಷಯಕ್ಕೆ ಸ್ಕೂಲಿನ ಸ್ಕೇಲು ಬೇಕು. ವಿಕ್ಟೋರಿಯಾ ಹಳಿಗಳ ನಡುವಿನ ಅಂತರ 1600 ಮಿಲಿಮೀಟರ್, ನ್ಯೂ ಸೌತ್ ವೇಲ್ಸಿನದು 1435. ವ್ಯತ್ಯಾಸ ಹದಿನಾರೂವರೆ ಸೆಂಟಿಮೀಟರ್. ಮೇಜಿನ ಮೇಲೆ ಗೆರೆ ಎಳೆಸಿ. ಒಂದು ಗೇಣೂ ಬರುವುದಿಲ್ಲ. ಇಷ್ಟಕ್ಕೋಸ್ಕರ ಮೆಲ್ಬರ್ನ್‌ನಿಂದ ಸಿಡ್ನಿಗೆ ಹೊರಟವರು ಗಡಿಯೂರು ಆಲ್ಬರಿಯಲ್ಲಿ ಪೆಟ್ಟಿಗೆ ಸಮೇತ ಇಳಿದು ಇನ್ನೊಂದು ರೈಲು ಹತ್ತಬೇಕಿತ್ತು. ಸಾಧ್ಯವಾದರೆ ಒಂದು ಶನಿವಾರ ಹ್ಯೂಮ್ ಹೈವೇ ಹಿಡಿದು ಆಲ್ಬರಿಗೆ ಹೋಗಿಬನ್ನಿ, ಮೂರೂವರೆ ಗಂಟೆ ದಾರಿ. ನಾಲ್ಕು ನೂರು ಮೀಟರಿಗೂ ಉದ್ದದ ಆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಮಗುವಿನ ಕೈಲಿ ಬ್ಯಾಗು ಹೊರಿಸಿ ನಡೆಸಿ. ಫೆಡರೇಶನ್ ಆದ ಮೇಲೂ ಈ ಇಳಿದು ಹತ್ತುವ ಪಾಡು ತಪ್ಪಲಿಲ್ಲ ಅನ್ನಿ. ಮೆಲ್ಬರ್ನ್ ತನಕ ಒಂದೇ ಅಳತೆಯ ಹಳಿ ಬಂದದ್ದು 1962ರಲ್ಲಿ.

ಬರುವಾಗ ಕೊರೋವಾ ಊರಿನ ಮೇಲೆ ಬನ್ನಿ. 1890ರ ದಶಕದ ಶುರುವಿನಲ್ಲಿ ರಾಜಕಾರಣಿಗಳು ಬರೆದ ಸಂವಿಧಾನದ ಕರಡು ಮೂಲೆಗೆ ಬಿದ್ದಿತ್ತು. 1893ರಲ್ಲಿ ಇಲ್ಲಿ ಸೇರಿದ ಸಭೆಯಲ್ಲಿ ಬೆಂಡಿಗೋದ ವಕೀಲ ಜಾನ್ ಕ್ವಿಕ್ ಒಂದು ದಾರಿ ತೋರಿಸಿದರು: ಸಂವಿಧಾನ ಬರೆಯುವವರನ್ನು ಜನರೇ ಆರಿಸಲಿ, ಬರೆದದ್ದಕ್ಕೂ ಜನರೇ ವೋಟು ಹಾಕಲಿ. ಪ್ರಾಜೆಕ್ಟಿನಲ್ಲಿ 'ಫೆಡರೇಶನ್ ಪಿತಾಮಹ' ಅನ್ನಿಸಿಕೊಂಡ ನ್ಯೂ ಸೌತ್ ವೇಲ್ಸಿನ ರಾಜಕಾರಣಿ ಹೆನ್ರಿ ಪಾರ್ಕ್ಸ್ ಫೋಟೋ ದೊಡ್ಡದಾಗಿ ಅಂಟಿಸುತ್ತಾರೆ, ಅಂಟಿಸಲಿ. ಕ್ವಿಕ್‌ಗೂ ಒಂದಿಷ್ಟು ಜಾಗ ಉಳಿಸಿ.

ವೋಟಿನ ಕಥೆ ಹೇಳುವಾಗ ನಿಧಾನ ಮಾಡಿ. 1898ರಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ 'ಹೌದು' ಅಂದವರು 71,595, 'ಬೇಡ' ಅಂದವರು 66,228. ಗೆದ್ದರು ತಾನೆ? ಇಲ್ಲ. ಕನಿಷ್ಠ 80,000 'ಹೌದು' ಬೀಳಲೇಬೇಕು ಅಂತ ನಿಯಮವಿತ್ತು. ಆಮೇಲೆ ಚೌಕಾಸಿ. ರಾಜಧಾನಿ ನಿಮ್ಮಲ್ಲೇ ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಯಾಚೆ. ಅದು ಸಿದ್ಧವಾಗುವವರೆಗೆ ಪಾರ್ಲಿಮೆಂಟ್ ಮೆಲ್ಬರ್ನ್‌ನಲ್ಲಿ. ನಕ್ಷೆಯ ಮೇಲೆ ಸಿಡ್ನಿಗೆ ಕೈವಾರದ ಮೊನೆ ಚುಚ್ಚಿ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರಿನ ವೃತ್ತ ಎಳೆಸಿ. ಕ್ಯಾನ್‌ಬೆರಾ ಅದರಾಚೆಗೆ ಸಿಗುತ್ತೆ. ಪಾರ್ಲಿಮೆಂಟ್ ಅಲ್ಲಿಗೆ ಹೋಗಿದ್ದು 1927ರಲ್ಲಿ. 1899ರಲ್ಲಿ ಮತ್ತೆ ವೋಟಾಗಿ 'ಹೌದು' ಗೆದ್ದಿತು. ಅರಿಶಿನದ ಬಟ್ಟಲು ಮಾತ್ರ ಕಡೆಗೆ ಇಡಿಸಿ: ವೆಸ್ಟರ್ನ್ ಆಸ್ಟ್ರೇಲಿಯಾ ವೋಟು ಹಾಕಿದ್ದು 1900ರ ಜುಲೈ 31ಕ್ಕೆ, ರಾಣಿಯ ಒಪ್ಪಿಗೆ ಸಿಕ್ಕ ಮೇಲೆ. ಸಂವಿಧಾನದ ಪೀಠಿಕೆಯಲ್ಲಿ ಅದರ ಹೆಸರೇ ಇಲ್ಲ.

ಒಂದನ್ನು ಮುಚ್ಚಿಡಬೇಡಿ. ಈ ಹೊಸ ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಇಲ್ಲಿನ ಮೂಲನಿವಾಸಿಗಳನ್ನು ಸೇರಿಸಬಾರದು ಅಂತ ಸಂವಿಧಾನದಲ್ಲೇ ಬರೆದಿತ್ತು; ಅದನ್ನು ತೆಗೆಯಲು 1967ರ ಜನಮತಗಣನೆ ಬೇಕಾಯಿತು. 1901ರಲ್ಲೇ ಬಂದ ವಲಸೆ ಕಾಯಿದೆಯಲ್ಲಿ ಯಾವುದಾದರೂ ಯುರೋಪಿಯನ್ ಭಾಷೆಯ 50 ಪದಗಳ ಉಕ್ತಲೇಖನವಿತ್ತು. ಅಧಿಕಾರಿ ಬೇಕಂತಲೇ ಬಾರದ ಭಾಷೆ ಆರಿಸಬಹುದಿತ್ತು. 'ನಮ್ಮಂಥವರು ಬರಬಾರದು ಅಂತ ತಾನೇ?' ಅಂತ ಮಗಳು ಕೇಳಿದಳು. ಹೌದು ಅಂದೆ. ಆ ಸಾಲನ್ನು ಅವಳೇ ಪೋಸ್ಟರಿನ ಮಧ್ಯಕ್ಕೆ ಬರೆದಳು.

ಆಟ ಮುಗಿಯುವ ಹೊತ್ತಿಗೆ ಬೇಳೆಗಳೆರಡೂ ಕಲಸಿ ಒಂದಾಗಿರುತ್ತವೆ, ಆರಿಸಲು ಕೂರಬೇಡಿ. ಚಿತ್ರಾನ್ನಕ್ಕೆ ಹೇಗೂ ಎರಡೂ ಬೀಳುತ್ತವೆ. ಅರಿಶಿನ ಚೆಲ್ಲಿದ್ದರೆ ಮಾತ್ರ ತಕ್ಷಣ ಒರೆಸಿ, ಬಾಡಿಗೆ ಮನೆಯ ಬಿಳಿ ಕಟ್ಟೆಯ ಮೇಲಿನ ಕಲೆ ಹೋಗುವುದಿಲ್ಲ.