ಎರಡು ಬ್ರೆಡ್ಡು ಕೇಳುತ್ತಾ ಕಲಿತ ಸ್ಪ್ಯಾನಿಷ್ ಬಹುವಚನ

ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೋದ ಹೊಸದರಲ್ಲಿ, ದಿನಾ ಬೆಳಿಗ್ಗೆ ಮನೆ ಕೆಳಗಿನ ಬ್ರೆಡ್ ಅಂಗಡಿಯಲ್ಲಿ "ದೊಸ್ ಬಾರ್ರಾ" ಅಂತ ಕೇಳುತ್ತಿದ್ದೆ. ದೊಸ್ ಅಂದರೆ ಎರಡು, ಬಾರ್ರಾ ಅಂದರೆ ಆ ಉದ್ದನೆಯ ಬ್ರೆಡ್ಡು. ಅಂಗಡಿಯಾಕೆ ಬ್ರೆಡ್ ಕೈಗಿಡುತ್ತಾ "ದೊಸ್ ಬಾರ್ರಾಸ್" ಅನ್ನುತ್ತಿದ್ದರು, ಕೊನೆಯ 'ಸ್' ಸ್ವಲ್ಪ ಎಳೆದು. ಅವರು ನನ್ನನ್ನು ತಿದ್ದುತ್ತಿದ್ದಾರೆ ಅಂತ ಹೊಳೆಯೋಕೆ ವಾರ ಹಿಡಿಯಿತು.

ನಿಯಮ ಗೊತ್ತಿರಲಿಲ್ಲ ಅಂತಲ್ಲ. ಪದ ಸ್ವರದಲ್ಲಿ ಮುಗಿದರೆ ಬಹುವಚನಕ್ಕೆ 'ಸ್', ವ್ಯಂಜನದಲ್ಲಿ ಮುಗಿದರೆ 'ಎಸ್', ಮೊದಲ ಪಾಠದಲ್ಲೇ ಬಂದಿತ್ತು. ಅಡ್ಡ ಬರುತ್ತಿದ್ದದ್ದು ನನ್ನ ಕನ್ನಡ. ನಾವು ಎರಡು ಪುಸ್ತಕ, ಹತ್ತು ಮಾವಿನಹಣ್ಣು ಅಂತೀವಿ. ಲೆಕ್ಕ ಹೇಳಿದ ಮೇಲೆ ಮತ್ತೆ 'ಗಳು' ಯಾಕೆ, ಅಲ್ವಾ? ಸ್ಪ್ಯಾನಿಷ್‌ನಲ್ಲಿ ಹಾಗೆ ಬಿಡುವಂತಿಲ್ಲ. ಸಾಲದ್ದಕ್ಕೆ ಗುಣವಾಚಕಕ್ಕೂ ಬಾಲ ಬೇಕು. ನಮ್ಮಲ್ಲಿ ದೊಡ್ಡ ಮನೆ, ದೊಡ್ಡ ಮನೆಗಳು, 'ದೊಡ್ಡ' ಅಲುಗಾಡಲ್ಲ. ಅವರಲ್ಲಿ ಕಾಸಾ ಗ್ರಾಂದೆ, ಕಾಸಾಸ್ ಗ್ರಾಂದೆಸ್.

ಓದಿ ಪ್ರಯೋಜನ ಇಲ್ಲ ಅನಿಸಿ, ಮೆಟ್ರೋಗೆ ನಡೆಯುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಲ್ಲೇ ಎಣಿಸೋಕೆ ಶುರು ಮಾಡಿದೆ. ತ್ರೆಸ್ ಕೊಚೆಸ್ ರೊಖೊಸ್, ಮೂರು ಕೆಂಪು ಕಾರು. ಯಾವಾಗಲೂ ಸಂಖ್ಯೆ, ನಾಮಪದ, ಬಣ್ಣ, ಮೂರೂ ಒಟ್ಟಿಗೆ. ಜನ ತಿರುಗಿ ನೋಡಿದ್ದೂ ಉಂಟು.

'ಎಸ್' ಮಾತ್ರ ಸುಲಭವಾಗಿ ಬಂತು. ನಾವು ಬಸ್ ಅನ್ನೋದನ್ನ 'ಬಸ್‌ಗಳು' ಅನ್ನೋಕೆ ನಾಲಿಗೆ ತಡವರಿಸಿ ಬಸ್ಸುಗಳು ಅಂತೀವಲ್ಲ, ಅಲ್ಲಿ ನಮಗೊಂದು 'ಉ' ಬೇಕು, ಇಲ್ಲಿ ಅವರಿಗೊಂದು 'ಎ' ಬೇಕು, ಅಷ್ಟೇ. ಹೂವಿಗೆ ಫ್ಲೋರ್, ಬಹುವಚನ ಫ್ಲೋರೆಸ್. ಬರೆಯುವಾಗ ಮಾತ್ರ ಹುಷಾರು: ಪೆನ್ಸಿಲ್‌ಗೆ ಲಾಪಿಥ್, ಬಹುವಚನ ಲಾಪಿಥೆಸ್. ಕಿವಿಗೆ ಅದೇ ಸದ್ದು, ಕಾಗದದ ಮೇಲೆ ಝಡ್ ಹೋಗಿ ಸಿ ಬರುತ್ತೆ. ಲಾರಿಗೆ ಕಾಮ್ಯೋನ್ ಅಂತಾರೆ, ಕೊನೆಯ 'ಒ' ಮೇಲೆ ಒತ್ತು ತೋರಿಸುವ ಗೀಟಿದೆ. ಕಾಮ್ಯೋನೆಸ್ ಆದಾಗ ಗೀಟು ಮಾಯ. ಒತ್ತು ಇದ್ದಲ್ಲೇ ಇರುತ್ತೆ, ಪದ ಉದ್ದವಾದ್ದರಿಂದ ಗೀಟು ಬೇಡ. ಒತ್ತು ಬೀಳುವಲ್ಲಿ ಚಪ್ಪಾಳೆ ತಟ್ಟಿ ಕಲಿತೆ.

ಒಂದು ಅಂಗಡಿ ಬಾಗಿಲಲ್ಲಿ "ಥೆರ್ರಾದೊ ಲೊಸ್ ಲೂನೆಸ್" ಅಂತ ಬೋರ್ಡಿತ್ತು, ಸೋಮವಾರಗಳಂದು ರಜೆ. ಒಂದು ಸೋಮವಾರವೂ ಲೂನೆಸ್, ಎಲ್ಲ ಸೋಮವಾರವೂ ಲೂನೆಸ್. ಬಹುವಚನ ಅಂತ ಹೇಳೋದು ಪದಕ್ಕೆ ಮೊದಲು ಬರುವ, ಇಂಗ್ಲಿಷಿನ 'ದಿ' ಥರದ 'ಲೊಸ್' ಒಂದೇ. ಅವತ್ತಿಂದ ಪದಗಳನ್ನು ಲೊಸ್, ಇಲ್ಲವೇ ಸ್ತ್ರೀಲಿಂಗವಾದರೆ ಲಾಸ್ ಸೇರಿಸಿಯೇ ಬರೆದಿಟ್ಟುಕೊಂಡೆ.

"ಎರ್ಮಾನೊಸ್ ಇದ್ದಾರಾ?" ಅಂತ ಸಹೋದ್ಯೋಗಿ ಕೇಳಿದಾಗ, ಅದು ಅಣ್ಣತಮ್ಮಂದಿರು ಮಾತ್ರ ಅಂದುಕೊಂಡು, ಇಲ್ಲ, ಇಬ್ಬರು ಅಕ್ಕಂದಿರು ಅಂದೆ. ಅವರು ನಕ್ಕರು. ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲ ಆ ಒಂದೇ ಪದದಲ್ಲಿ ಬರ್ತಾರಂತೆ.

ಇವತ್ತಿಗೂ ಎಡವೋದು 'ಖೆಂತೆ'ಯಲ್ಲಿ. ಜನ ಅಂತ ಅರ್ಥ, ಆದರೆ ಏಕವಚನ. ನಮ್ಮ ಜನ ಬಂದರು, ಅವರ ಜನ ಬಂದಿತು. ಬಾಯಿ ಒಪ್ಪೋದೇ ಇಲ್ಲ.