ಮೆಡೂಸಾಳ ಬೆನ್ನು ಹತ್ತಿ: ಗ್ರೀಕ್ ಪುರಾಣ ನಾನು ಓದಿದ ಬಗೆ

ಗ್ರೀಕ್ ಪುರಾಣ ಓದಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವುದು ದೇವರುಗಳ ಪಟ್ಟಿ. ಗುಡುಗಿಗೆ ಜೂಸ್, ಸಮುದ್ರಕ್ಕೆ ಪೊಸೈಡನ್, ಬುದ್ಧಿಗೆ ಅಥೇನಾ. ಪಕ್ಕದಲ್ಲೇ ರೋಮನ್ ಹೆಸರು: ಜುಪಿಟರ್, ನೆಪ್ಚೂನ್, ಮಿನರ್ವಾ. ಆ ಪಟ್ಟಿ ಬಾಯಿಪಾಠ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಒಂದೇ ಒಂದು ಕಥೆ ಹಿಡಿದೆ. ಅದನ್ನು ಯಾರು, ಯಾವಾಗ, ಹೇಗೆ ಹೇಳಿದರು ಅಂತ ಹಳೆಯದರಿಂದ ಹೊಸದರ ಕಡೆಗೆ ಓದುತ್ತಾ ಬಂದೆ. ಕೆಲಸ ಮುಗಿಸಿ ರಾತ್ರಿ ಹೊತ್ತು ಓದುವವರಿಗೆ ಇದೇ ಒಳ್ಳೆಯ ದಾರಿ ಅನ್ನುವುದು ಈಗಲೂ ನನ್ನ ಅಭಿಪ್ರಾಯ.

ಯಾಕಂದರೆ, ಗ್ರೀಕರಿಗೆ ಎಲ್ಲರೂ ಒಪ್ಪಿದ ಒಂದು ಮೂಲ ಗ್ರಂಥ ಅಂತ ಇರಲೇ ಇಲ್ಲ. ಊರಿಗೊಂದು ಕಥೆ, ಕವಿಗೊಂದು ಕಥೆ. ಕನ್ನಡದವರಿಗೆ ಇದು ಹೊಸದೇನಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಯಾರು ಸರಿ ಅಂತ ನಾವು ಜಗಳ ಆಡುವುದಿಲ್ಲ. ಪಂಪ ಯಾಕೆ ಹಾಗೆ ಮಾಡಿದ ಅಂತ ಕೇಳುತ್ತೇವೆ, ಆಗ ಪಂಪ ಅರ್ಜುನನಿಗೆ ಹೋಲಿಸಿ ಹಾಡಿದ ಅವನ ರಾಜ ಅರಿಕೇಸರಿಯ ಮಾತು ಬರುತ್ತದೆ. ಗ್ರೀಕ್ ಕಥೆಗಳನ್ನೂ ಹೀಗೇ ಓದಬಹುದು ಅಂತ ಗೊತ್ತಾದ ಮೇಲೆ ನನಗೆ ಅರ್ಧ ಭಯ ಹೋಯಿತು.

ನಾನು ಹಿಡಿದದ್ದು ಮೆಡೂಸಾ. ತಲೆತುಂಬ ಹಾವು, ನೋಡಿದವರೆಲ್ಲ ಕಲ್ಲು. ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಕವಿ ಯಾರು, ಕಾಲ ಯಾವುದು. ಬಲಗಡೆ ಹೊಸದಾಗಿ ಏನು ಸೇರಿತು, ಏನು ಬಿಟ್ಟುಹೋಯಿತು. ಪುಸ್ತಕಗಳಿಗೆ ದುಡ್ಡು ಸುರಿಯಬೇಕಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಗ್ರೀಕ್ ಕವಿ ಹೋಮರ್‌ನಿಂದ ರೋಮನ್ ಕವಿ ಓವಿಡ್‌ವರೆಗೆ ಮೂಲವೂ ಇಂಗ್ಲಿಷ್ ಅನುವಾದವೂ ಪುಕ್ಕಟೆ ಸಿಗುತ್ತವೆ. ಅನುವಾದಗಳು ಹಳೆಯವು, ಭಾಷೆ ಸ್ವಲ್ಪ ಬಿಗಿ. ಅಭ್ಯಾಸ ಆಗುತ್ತದೆ.

ಮೊದಲ ಸಾಲು ಗ್ರೀಕ್ ಕವಿ ಹೆಸಿಯಡ್‌ನದು, ಕ್ರಿ.ಪೂ. 700ರ ಆಸುಪಾಸು. ಅವನ ಪ್ರಕಾರ ಗಾರ್ಗನ್‌ಗಳು ಮೂವರು ಅಕ್ಕತಂಗಿಯರು. ಇಬ್ಬರಿಗೆ ಸಾವಿಲ್ಲ, ಮೆಡೂಸಾಗೆ ಮಾತ್ರ ಸಾವಿದೆ. ಹೂ ಬಿಟ್ಟ ಹುಲ್ಲುಗಾವಲಿನಲ್ಲಿ ಪೊಸೈಡನ್ ಅವಳ ಜೊತೆ ಮಲಗುತ್ತಾನೆ. ಪರ್ಸಿಯಸ್ ಅನ್ನುವ ವೀರ ಅವಳ ತಲೆ ಕತ್ತರಿಸಿದಾಗ ಒಳಗಿಂದ ರೆಕ್ಕೆಯ ಕುದುರೆ ಪೆಗಸಸ್ ಮತ್ತು ಚಿನ್ನದ ಕತ್ತಿಯ ಕ್ರಿಸಾವೋರ್ ಹೊರಗೆ ಹಾರುತ್ತಾರೆ. ಅಷ್ಟೇ. ಶಾಪ ಇಲ್ಲ, ಅಥೇನಾಳ ಸಿಟ್ಟೂ ಇಲ್ಲ.

ಎರಡನೆಯದು ಕವಿತೆಯಲ್ಲ, ಕಲ್ಲು. ಕಾರ್ಫು ದ್ವೀಪದ ಆರ್ಟೆಮಿಸ್ ಗುಡಿಯ ಮುಂಭಾಗದಲ್ಲಿ ಕ್ರಿ.ಪೂ. 580ರ ಸುಮಾರಿನ ದೊಡ್ಡ ಮೆಡೂಸಾ ಇದ್ದಳು, ಈಗ ಅಲ್ಲಿನ ಮ್ಯೂಸಿಯಂನಲ್ಲಿದ್ದಾಳೆ. ಅಗಲ ಮುಖ, ಹೊರಗೆ ಚಾಚಿದ ನಾಲಿಗೆ, ಸೊಂಟಕ್ಕೆ ಹಾವಿನ ಪಟ್ಟಿ, ಓಡುತ್ತಿರುವ ಭಂಗಿ. ಅಕ್ಕಪಕ್ಕದಲ್ಲಿ ಪೆಗಸಸ್, ಕ್ರಿಸಾವೋರ್. ತಲೆ ಕತ್ತರಿಸುವ ಮುಂಚೆಯೇ ಮಕ್ಕಳು ಪಕ್ಕದಲ್ಲಿ ನಿಂತಿದ್ದಾರಲ್ಲ ಅಂತ ಕೇಳಬೇಡಿ. ಶಿಲ್ಪಿಗೆ ಇಡೀ ಕಥೆ ಒಂದೇ ಕಲ್ಲಿನಲ್ಲಿ ಬೇಕಿತ್ತು. ಇಲ್ಲಿ ಅವಳು ಗುಡಿ ಕಾಯುವವಳು, ಕೆಟ್ಟದ್ದನ್ನು ಹೆದರಿಸಿ ಓಡಿಸುವವಳು. ಪಠ್ಯ ಮಾತ್ರ ಓದಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ. ಹಾಗಾಗಿ ಪ್ರತಿ ಕಥೆಗೂ ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹ ನೋಡುವುದನ್ನು ಕಡ್ಡಾಯ ಮಾಡಿಕೊಂಡೆ.

ಆಮೇಲೆ ಪಿಂಡಾರ್, ಕ್ರಿ.ಪೂ. 490. ಕೊಳಲಿನಂಥ ವಾದ್ಯ ನುಡಿಸಿ ಗೆದ್ದ ಒಬ್ಬ ಕಲಾವಿದನ ಮೇಲೆ ಅವನು ಹಾಡು ಕಟ್ಟುತ್ತಾನೆ. ಅದರಲ್ಲಿ ಮೆಡೂಸಾ ಚೆಲುವಾದ ಕೆನ್ನೆಯವಳು! ತಂಗಿ ಸತ್ತಾಗ ಗಾರ್ಗನ್‌ಗಳು ಗೋಳಾಡಿದ ದನಿಯನ್ನು ಕೇಳಿ ಅಥೇನಾ ಆ ವಾದ್ಯದ ರಾಗ ಕಂಡುಹಿಡಿದಳಂತೆ. ರಾಕ್ಷಸಿಯ ಮನೆಯವರ ಅಳುವನ್ನು ಒಬ್ಬ ಕವಿ ಕೇಳಿಸಿಕೊಂಡಿದ್ದಾನೆ ಅನ್ನುವುದೇ ನನಗೆ ಈ ಇಡೀ ಓದಿನಲ್ಲಿ ಸಿಕ್ಕ ದೊಡ್ಡ ಖುಷಿ.

ಈಗ ಎಲ್ಲರಿಗೂ ಗೊತ್ತಿರುವ ಕಥೆ ಬರುವುದು ಇನ್ನೂ ಐನೂರು ವರ್ಷ ಬಿಟ್ಟು. ಅದು ಗ್ರೀಕ್ ಅಲ್ಲ, ಲ್ಯಾಟಿನ್. ಹದಿನೈದು ಭಾಗಗಳ ‘ಮೆಟಮಾರ್ಫೋಸಿಸ್’ನ ನಾಲ್ಕನೇ ಭಾಗದ ಕೊನೆಗೆ, ಔತಣದಲ್ಲಿ ಕೂತ ಪರ್ಸಿಯಸ್ ಬಾಯಲ್ಲಿ ಓವಿಡ್ ಇದನ್ನು ಹೇಳಿಸುತ್ತಾನೆ. ಮೆಡೂಸಾ ಸುಂದರಿ, ಅವಳ ಕೂದಲು ಇನ್ನೂ ಸುಂದರ. ಮಿನರ್ವಾಳ ಗುಡಿಯಲ್ಲೇ ನೆಪ್ಚೂನ್ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ದೇವಿ ಮುಖ ತಿರುಗಿಸಿಕೊಳ್ಳುತ್ತಾಳೆ. ಶಿಕ್ಷೆ ಮಾತ್ರ ಮೆಡೂಸಾಗೆ, ಕೂದಲೆಲ್ಲ ಹಾವಾಗುತ್ತದೆ. ಕೆಲವೇ ಸಾಲು. ತಪ್ಪು ಮಾಡಿದವನಿಗೆ ಏನಾಯಿತು ಅಂತ ಪರ್ಸಿಯಸ್ ಹೇಳುವುದಿಲ್ಲ, ಔತಣದಲ್ಲಿ ಕೂತವರೂ ಕೇಳುವುದಿಲ್ಲ.

ಇವತ್ತಿನ ಮೆಡೂಸಾ ನಿಂತಿರುವುದು ಆ ಕೆಲವು ಸಾಲುಗಳ ಮೇಲೆ. ಫ್ಲಾರೆನ್ಸ್‌ನ ಚೌಕದಲ್ಲಿ ಚೆಲ್ಲೀನಿ ಮಾಡಿದ ಹದಿನಾರನೇ ಶತಮಾನದ ಕಂಚಿನ ಪರ್ಸಿಯಸ್ ಅವಳ ತಲೆ ಎತ್ತಿ ಹಿಡಿದಿದ್ದಾನೆ. 2008ರಲ್ಲಿ ಶಿಲ್ಪಿ ಲೂಚಿಯಾನೊ ಗಾರ್ಬಾಟಿ ಅದನ್ನು ತಿರುಗಿಸಿ, ಮೆಡೂಸಾ ಕೈಯಲ್ಲಿ ಪರ್ಸಿಯಸ್ ತಲೆ ಕೊಟ್ಟ. 2020ರಲ್ಲಿ ಆ ಶಿಲ್ಪವನ್ನು ನ್ಯೂಯಾರ್ಕ್‌ನ ಕ್ರಿಮಿನಲ್ ಕೋರ್ಟ್ ಎದುರಿನ ಪಾರ್ಕಿನಲ್ಲಿ ನಿಲ್ಲಿಸಿದರು. ಹೊಗಳಿಕೆ, ಬೈಗುಳ ಎರಡೂ ಬಂದವು. ‘ಮೂಲ ಗ್ರೀಕ್ ಕಥೆಯಲ್ಲಿ ಅವಳು ಅತ್ಯಾಚಾರಕ್ಕೆ ಒಳಗಾದವಳು’ ಅಂತ ಬರೆಯುವವರು ಇದ್ದಾರೆ. ಅದು ರೋಮನ್ ಕವಿಯ ಕಥೆ, ಅಷ್ಟು ಹೇಳಿದರೆ ಸಾಕು. ತಡವಾಗಿ ಬಂದ ಮಾತ್ರಕ್ಕೆ ಅದರ ಬೆಲೆ ಕಮ್ಮಿಯಲ್ಲ. ಅಧಿಕಾರದಲ್ಲಿರುವವರು ಹೇಗೆ ಶಿಕ್ಷೆ ಕೊಡುತ್ತಾರೆ ಅಂತ ಓವಿಡ್‌ಗೆ ಆಮೇಲೆ ಚೆನ್ನಾಗಿಯೇ ಗೊತ್ತಾಯಿತು. ಕ್ರಿ.ಶ. 8ರಲ್ಲಿ ರೋಮನ್ ಚಕ್ರವರ್ತಿ ಅಗಸ್ಟಸ್ ಅವನನ್ನು ಕಪ್ಪು ಸಮುದ್ರದ ದಂಡೆಯ ಟೋಮಿಸ್‌ಗೆ ಗಡಿಪಾರು ಮಾಡಿದ. ಅದು ಈಗಿನ ರುಮೇನಿಯಾದ ಕಾನ್‌ಸ್ಟಾಂಟ್ಸ.

ಒಂದು ಕಥೆಗೆ ಹೀಗೆ ಮಾಡಿದ ಮೇಲೆ ಉಳಿದವು ಸಲೀಸು. ಟ್ರಾಯ್‌ನ ಮರದ ಕುದುರೆ ಹೋಮರ್‌ನ ಇಲಿಯಡ್‌ನಲ್ಲಿ ಇಲ್ಲ. ಆ ಕಾವ್ಯ ಹೆಕ್ಟರ್‌ನ ಶವಸಂಸ್ಕಾರಕ್ಕೆ ಮುಗಿದುಬಿಡುತ್ತದೆ. ಕುದುರೆಯ ಮಾತು ಒಡಿಸ್ಸಿಯಲ್ಲಿ ಅಲ್ಲಲ್ಲಿ ಬರುತ್ತದೆ, ಪೂರ್ತಿ ವಿವರ ರೋಮನ್ ಕವಿ ವರ್ಜಿಲ್‌ನ ಈನಿಡ್‌ನಲ್ಲಿ. ಹಿಮ್ಮಡಿಗೆ ಪೆಟ್ಟು ಬಿದ್ದರೆ ಮಾತ್ರ ಸಾಯುವ ಅಕಿಲಿಸ್‌ನ ಕಥೆಯೂ ಹೋಮರ್‌ನದಲ್ಲ. ಹಾಡಿನಿಂದ ನಾವಿಕರನ್ನು ಸೆಳೆಯುವ ಸೈರನ್‌ಗಳು ಹಳೆಯ ಗ್ರೀಕ್ ಮಡಕೆಗಳ ಮೇಲೆ ಹಕ್ಕಿ ಮೈಯವರು. ಸ್ಟಾರ್‌ಬಕ್ಸ್ ಕಾಫಿ ಲೋಟದ ಮೇಲಿರುವ ಎರಡು ಬಾಲದ ಮೀನು ಹುಡುಗಿ ಆಮೇಲಿನ ಯುರೋಪಿನವಳು. ಡಾಕ್ಟರ ಕಾರಿನ ಮೇಲಿನ ಸ್ಟಿಕ್ಕರ್ ನೋಡಿ. ವೈದ್ಯ ದೇವರು ಅಸ್ಕ್ಲೀಪಿಯಸ್‌ನ ಕೋಲಿಗೆ ಇರುವುದು ಒಂದೇ ಹಾವು. ಎರಡು ಹಾವು, ರೆಕ್ಕೆ ಇರುವ ಕೋಲು ಹರ್ಮಿಸ್‌ದು. 1902ರಲ್ಲಿ ಅಮೆರಿಕದ ಸೇನಾ ವೈದ್ಯ ವಿಭಾಗ ಅದನ್ನು ತೆಗೆದುಕೊಂಡಿತು, ಅಲ್ಲಿಂದ ಹಬ್ಬಿತು. ಹರ್ಮಿಸ್ ವ್ಯಾಪಾರಿಗಳ, ಕಳ್ಳರ ದೇವರು. ಸತ್ತವರನ್ನು ಪಾತಾಳಕ್ಕೆ ಕರೆದುಕೊಂಡು ಹೋಗುವವನೂ ಅವನೇ. ಗುರುತು ಆರಿಸುವ ಮುಂಚೆ ಯಾರಾದರೂ ಒಮ್ಮೆ ಕೇಳಬಹುದಿತ್ತು, ಅಲ್ವಾ?

ರೋಮ್ ವಿಷಯದಲ್ಲಿ ಒಂದು ಎಚ್ಚರ. ಗ್ರೀಕ್ ದೇವರಿಗೆ ಹೆಸರು ಬದಲಾಯಿಸಿದರೆ ರೋಮನ್ ದೇವರು ಅನ್ನುವ ಮಾತು ಜಾಸ್ತಿ ದೂರ ಬರುವುದಿಲ್ಲ. ಇಲಿಯಡ್‌ನ ಐದನೇ ಭಾಗದಲ್ಲಿ ಯುದ್ಧದೇವರು ಏರಿಸ್ ಒಬ್ಬ ಮನುಷ್ಯನಿಂದ ಗಾಯ ಮಾಡಿಸಿಕೊಂಡು ಅರಚುತ್ತಾ ಓಡುತ್ತಾನೆ. ಅವನ ಅಪ್ಪ ಜೂಸ್ ಅವನಿಗೆ, ‘ನೀನು ಅಂದರೆ ನನಗೆ ಎಲ್ಲ ದೇವರಿಗಿಂತ ಹೇಸಿಗೆ’ ಅಂತ ಬೈಯುತ್ತಾನೆ. ರೋಮ್‌ನಲ್ಲಿ ಮಾರ್ಸ್ ಅಂದರೆ ಊರು ಕಟ್ಟಿದ ರೊಮುಲಸ್‌ನ ತಂದೆ. ಅಗಸ್ಟಸ್ ಅವನಿಗೆ ದೊಡ್ಡ ಗುಡಿ ಕಟ್ಟಿಸಿದ. ಅಗಸ್ಟಸ್ ಮನೆತನ ತನ್ನನ್ನು ಟ್ರಾಯ್‌ನ ವೀರ ಈನಿಯಸ್ ಮೂಲಕ ವೀನಸ್ ದೇವಿಯ ವಂಶ ಅಂತ ಹೇಳಿಕೊಳ್ಳುತ್ತಿತ್ತು, ವರ್ಜಿಲ್ ಅದಕ್ಕೆ ಹನ್ನೆರಡು ಭಾಗಗಳ ಕಾವ್ಯವನ್ನೇ ಬರೆದ. ಇಲ್ಲಿ ಪುರಾಣ ಅಂದರೆ ರಾಜಕೀಯ. ಆ ರಾಜಕೀಯ ಬೆಂಗಳೂರಿಗೂ ಬಂದಿತ್ತು. 1891ರಲ್ಲಿ ಯಶವಂತಪುರದ ಹತ್ತಿರ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಅಗಸ್ಟಸ್, ಟಿಬೇರಿಯಸ್ ಕಾಲದ ನಾಣ್ಯಗಳು ಅದರಲ್ಲಿ ಇವೆ. ಆ ಬಗೆಯ ನಾಣ್ಯಗಳ ಮೇಲೆ ಚಕ್ರವರ್ತಿ ‘ದೇವರಾದವನ ಮಗ’ ಅಂತಲೇ ಅಚ್ಚಾಗಿರುತ್ತದೆ.

ಆಧುನಿಕ ಪ್ರಭಾವಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಬಾಹ್ಯಾಕಾಶದ್ದು. ಗೆಲಿಲಿಯೊ 1610ರಲ್ಲಿ ಕಂಡ ಗುರುಗ್ರಹದ ನಾಲ್ಕು ಚಂದ್ರಗಳು ಅಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ನಾಲ್ವರೂ ಜುಪಿಟರ್ ಮನಸೋತವರು. ಅಯೊ ಜೊತೆಗಿದ್ದಾಗ ಜುಪಿಟರ್ ಮೋಡ ಕವಿಸಿ ಅಡಗಿಕೊಂಡ, ಹೆಂಡತಿ ಜೂನೊ ಅನುಮಾನಪಟ್ಟು ಮೋಡ ಸರಿಸಿದಳು ಅಂತ ಓವಿಡ್ ಹೇಳುತ್ತಾನೆ. ನಾಸಾ 2011ರಲ್ಲಿ ಹಾರಿಸಿ, 2016ರಲ್ಲಿ ಗುರುಗ್ರಹ ತಲುಪಿದ ನೌಕೆಗೆ ಜೂನೊ ಅಂತಲೇ ಹೆಸರಿಟ್ಟಿತು. ಮೋಡದ ಕೆಳಗೆ ಏನಿದೆ ಅಂತ ನೋಡುವುದೇ ಅದರ ಕೆಲಸ. ಪುರಾಣದಿಂದ ಲಾಂಛನ ಎತ್ತಿಕೊಂಡ ಫ್ಯಾಷನ್ ಕಂಪನಿಗಳಿಗಿಂತ ಈ ಇಂಜಿನಿಯರುಗಳು ಕಥೆಯನ್ನು ಚೆನ್ನಾಗಿ ಓದಿಕೊಂಡಿದ್ದಾರೆ.

ಈಗ ನನ್ನ ಮೇಜಿನ ಮೇಲಿರುವುದು ಕನ್ನಡದ ಕಡೆಗೆ ಬರುವ ಎರಡು ದಾರಿ. ಒಂದು, ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ಗುಡ್ಡೆಯಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನ. ದೂರದ ನಾಡಿನ ಗುಡಿಯಲ್ಲಿ ಸಿಕ್ಕಿಕೊಂಡ ಇಫಿಜೀನಿಯಾಳನ್ನು ತಮ್ಮ ಬಿಡಿಸಿಕೊಂಡು ಹೋಗುವ ಕಥೆಯನ್ನು ಅದು ಭಾರತದ ಕಡಲ ದಂಡೆಗೆ ತಂದು ನಗೆಯಾಟ ಮಾಡುತ್ತದೆ. ಇಲ್ಲಿನ ರಾಜನ ಬಾಯಲ್ಲಿ ಬರುವ ಮಾತು ಕನ್ನಡ ಅಂತ ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದರು. ಒಪ್ಪದವರೂ ಇದ್ದಾರೆ. ನನಗೆ ಆ ವಾದಕ್ಕಿಂತ, ಯೂರಿಪಿಡೀಸ್‌ನ ಗಂಭೀರ ನಾಟಕವನ್ನು ರಾಜನಿಗೆ ಹೆಂಡ ಕುಡಿಸಿ ಪಾರಾಗುವ ಪ್ರಹಸನ ಮಾಡಿದ ಆ ಹೆಸರಿಲ್ಲದ ಬರಹಗಾರನ ಧೈರ್ಯ ಹಿಡಿಸಿತು.

ಇನ್ನೊಂದು ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’, 1929. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್‌ನನ್ನು ಅವರು ಮಹಾಭಾರತದ ಕೊನೆಯ ರಾತ್ರಿಗೆ ಕರೆತಂದರು. ಗ್ರೀಕ್ ವೀರ ಅವಮಾನ ತಾಳದೆ ಸಾಯುತ್ತಾನೆ. ಹಾಗಾಗಿ ನಮ್ಮ ಚಿರಂಜೀವಿಯೂ ಅವರ ನಾಟಕದಲ್ಲಿ ಸಾಯುತ್ತಾನೆ. ಅದನ್ನು ಸುಮ್ನೆ ಅನುಕರಣೆ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಸೊಫೊಕ್ಲಿಸ್ ಎಡಕ್ಕೆ, ಬಿ.ಎಂ.ಶ್ರೀ ಬಲಕ್ಕೆ ಇಟ್ಟುಕೊಂಡು ದೃಶ್ಯ ದೃಶ್ಯವಾಗಿ ಓದುತ್ತಿದ್ದೇನೆ, ನೋಟ್‌ಬುಕ್‌ನಲ್ಲಿ ಅದಕ್ಕೂ ಅದೇ ಎರಡು ಅಂಕಣ.