ಪೊಲೀಸರು ಹೊಡೆದರೆ ಪರಿಹಾರ ಕೇಳುವುದು ಹೇಗೆ: ಮುಂಬೈ ಕನ್ನಡಿಗರಿಗೆ

ಹೋಟೆಲ್ ಕೆಲಸದ ಹುಡುಗನನ್ನು ಸುಮ್ನೆ ಎತ್ತಿಕೊಂಡು ಹೋಗಿ, ಎರಡು ರಾತ್ರಿ ಠಾಣೆಯಲ್ಲಿ ಕೂರಿಸಿ ಹೊಡೆದು ಕಳಿಸಿದರೂ "ಬಿಟ್ಟರಲ್ಲ, ಸಾಕು" ಅಂತ ನಮ್ಮವರು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ದಾಖಲೆ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತು ಎಂದು ಡಾಕ್ಟರಿಗೆ ಹೇಳಿ ಬರೆಸಿ. ಫೋಟೊ ತೆಗೆಯಿರಿ. ಠಾಣೆಯ ಸಿಸಿಟಿವಿ ದೃಶ್ಯ ಅಳಿಸಬೇಡಿ ಎಂದು ಪೊಲೀಸ್ ಕಮಿಷನರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲಿಲ್ಲ ಅನ್ನುವುದಕ್ಕೆ ಆ ದೃಶ್ಯವೇ ದೊಡ್ಡ ಸಾಕ್ಷಿ.

ಪರಿಹಾರ ಕೇಳಿ ಹಾಕುವ ಸಿವಿಲ್ ದಾವೆಗೆ ಗಡುವು ತುಂಬಾ ಬಿಗಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 161ನೇ ಕಲಂ ಪ್ರಕಾರ, ಕರ್ತವ್ಯದ ಹೆಸರಿನಲ್ಲಿ ಮಾಡಿದ ತಪ್ಪಿಗೆ ಆರೇ ತಿಂಗಳು; ದಾವೆ ಹಾಕುವ ಮೊದಲು ಒಂದು ತಿಂಗಳ ನೋಟಿಸ್ ಕೊಡಬೇಕು, ಸರ್ಕಾರವನ್ನೂ ಸೇರಿಸುವುದಾದರೆ ಸಾಮಾನ್ಯವಾಗಿ ಎರಡು ತಿಂಗಳದ್ದು. ಹೊಡೆಯುವುದು ಯಾವ ಕರ್ತವ್ಯ, ಅಲ್ವಾ? ಹಾಗಾಗಿ ಈ ಗಡುವು ಅನ್ವಯಿಸುವುದಿಲ್ಲ ಎಂದು ವಾದ ಮಾಡಬಹುದು, ಆದರೆ ಅದನ್ನೇ ನಂಬಿ ತಡ ಮಾಡಬೇಡಿ.

ನನ್ನ ಪ್ರಕಾರ ಬಾಂಬೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ (ಹಕ್ಕಿಗೆ ಧಕ್ಕೆಯಾದಾಗ ನೇರವಾಗಿ ಹೈಕೋರ್ಟಿಗೆ ಕೊಡುವ ಅರ್ಜಿ) ಹಾಕುವುದೇ ಒಳ್ಳೆಯದು. 1993ರ ನೀಲಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಸತ್ತ ಮಗನ ತಾಯಿಗೆ ಸರ್ಕಾರವೇ 1.5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕಾದರೆ ಒಂದು ವರ್ಷದೊಳಗೆ ದೂರು ಕೊಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.